ನೇರಳೆ ಹೂವಿಗೆ ಬಚ್ಚಲ ಕಡೆಯ ಬೀಗರು

ನಮ್ಮ ನೇರಳೆ ಪೆಟೂನಿಯಾ ಬೀಜ ಕೊಟ್ಟಿದೆ. ಈ ಹೊತ್ತು ಮುಂಜಾನೆ ನೋಡಿದರೆ ಮೊದಲ ಕಾಯಿ ತುದಿಯಲ್ಲಿ ಸಣ್ಣಗೆ ಬಾಯಿ ಬಿಟ್ಟಿತ್ತು. ಕೆಳಗೆ ಬಿಳಿ ತಟ್ಟೆ ಹಿಡಿದು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದೆ. ನಸ್ಯದ ಪುಡಿಯಂಥ ಕಂದು ಬೀಜ ಸದ್ದಿಲ್ಲದೆ ಸುರಿಯಿತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೊಮ್ಮಗಳು ಎಲ್ಲಿ ಹಾರಿಹೋಗುತ್ತದೋ ಎಂದು ಉಸಿರು ಬಿಗಿಹಿಡಿದಿದ್ದಳು. ತಟ್ಟೆಯನ್ನು ಒಳಗೆ ಒಯ್ದು ಮುಚ್ಚಿಟ್ಟ ಮೇಲೆಯೇ ಅವಳು ನನ್ನ ಕುತ್ತಿಗೆಗೆ ಜೋತುಬಿದ್ದದ್ದು.

ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಎದುರು ಮನೆಗೆ ಹೇಳಿದೆ, ಹಿಂದಿನ ಮನೆಗೆ ಹೇಳಿದೆ, ಹಾಲು ಹಾಕುವವನಿಗೂ ಹೇಳಿದೆ. ಅವನು ಕ್ಯಾನು ಕೆಳಗಿಟ್ಟು, "ಸಿಹಿ ಸುದ್ದಿ ಹೇಳಾಕತ್ತೀರಿ. ಯಾರಿಗ್ರಿ, ಗಂಡೋ ಹೆಣ್ಣೋ?" ಎಂದು ಕೇಳಿದ.

"ಗಿಡಕ್ಕಪ್ಪಾ. ಎರಡೂ ಅದಾವ" ಎಂದೆ. ಅವನು ನನ್ನ ಮುಖ ನೋಡಿ, ದಿನಕ್ಕಿಂತ ಒಂದಿಷ್ಟು ಹೆಚ್ಚಿಗೆ ಹಾಲು ಸುರಿದು ಹೋದ.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಇದನ್ನು ಬರೆಯದೆ ಬಿಟ್ಟರೆ ಮನಸ್ಸಿಗೆ ಸಮಾಧಾನವಿಲ್ಲ. ಒಂದು ಹೂವಿನ ಗಿಡ ಇಡೀ ಮನೆಯನ್ನು ದಸರೆಯಿಂದ ಹೋಳಿಯವರೆಗೆ ಹೇಗೆ ಆಡಿಸಿತು ಎಂಬುದನ್ನು ನೆನೆದರೆ ನನಗೇ ಬೆರಗು.

ನಾವು ರಾಣೆಬೆನ್ನೂರಿನ ಅಂಚಿನಲ್ಲಿ ಇರುವವರು. ಮನೆಯಲ್ಲಿ ನಾನು, ಯಜಮಾನರು, ಮಗ, ಸೊಸೆ, ಮೊಮ್ಮಗಳು. ಮಗನದು ಮೋಟಾರು ರಿಪೇರಿ ಅಂಗಡಿ, ಸೊಸೆ ಮನೆಯಲ್ಲೇ ಜಂಪರು ಹೊಲಿಯುತ್ತಾಳೆ. ಯಜಮಾನರು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವರು. ಈಗ ಚೀಲ ಬಿಟ್ಟಿದ್ದಾರೆ, ಸೀನು ಬಿಟ್ಟಿಲ್ಲ. ಅವರು ಸೀನಿದರೆ ಓಣಿಯ ಆ ತುದಿಯ ನಾಯಿ ಏಳುತ್ತದೆ. ಮೊಮ್ಮಗಳು ದಿನಾ ಬಸ್ಸು ಹಿಡಿದು ಹಾವೇರಿಗೆ ಹೋಗಿ ತೋಟಗಾರಿಕೆ ಓದುತ್ತಾಳೆ.

ನಾನು ಮೇಡ್ಲೇರಿ ಕಡೆಯ ಹೊಲಗಳಿಗೆ ಬೀಜದ ಕೆಲಸಕ್ಕೆ ಹೋಗುತ್ತಿದ್ದವಳು. ಎರಡು ತಳಿಯ ಗಿಡ ಕೂಡಿಸಿ ಹೊಸ ಬೀಜ ಮಾಡುವ ಕೆಲಸ ಅದು. ನಾವು ಹೆಣ್ಣುಮಕ್ಕಳು ಕ್ರಾಸಿಂಗ್ ಎನ್ನುತ್ತೇವೆ. ಒಂದು ಕಡೆ ಹೆಣ್ಣು ಸಾಲು, ಇನ್ನೊಂದು ಕಡೆ ಗಂಡು ಸಾಲು. ಹೆಣ್ಣು ಸಾಲಿನ ಮೊಗ್ಗು ಅರಳುವ ಮೊದಲೇ ಚಿಮಟದಿಂದ ಬಿಚ್ಚಿ, ಒಳಗಿನ ಹುಡಿಯ ಕಡ್ಡಿಗಳನ್ನು ಕಿತ್ತುಹಾಕಬೇಕು. ಮರುದಿನ ಗಂಡು ಸಾಲಿನ ಹುಡಿ ತಂದು ನಡುವಿನ ಕೊಳವೆಯ ತಲೆಗೆ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಮೆಣಸಿನಕಾಯಿ, ಟೊಮ್ಯಾಟೊ, ಬದನೆ ಎಲ್ಲಕ್ಕೂ ಮಾಡಿದ್ದೇನೆ. ಜೇನು ಹುಳ ಒಳಗೆ ಬಂದರೆ ಬೀಜ ಕೆಟ್ಟಿತು ಎಂದು ಮೇಲೆ ಪರದೆ ಹಾಕಿರುತ್ತಿದ್ದರು. ಪರದೆಯೊಳಗೆ ಒಂದು ಹುಳ ಕಂಡರೂ ನಾವೆಲ್ಲ ಸೆರಗು ಬೀಸಿಕೊಂಡು ಓಡುತ್ತಿದ್ದೆವು. ಕಣ್ಣು ಮಂಜಾದ ಮೇಲೆ ಹೋಗುವುದನ್ನು ಬಿಟ್ಟೆ.

ದಸರೆ ಮುಗಿದ ಮೇಲೆ ಒಂದು ಸಂಜೆ ಮೊಮ್ಮಗಳು ಕಾಗದದ ಸಣ್ಣ ಪೊಟ್ಟಣ ತಂದಳು. ಒಳಗೆ ಒಂದು ಚಿಟಿಕೆ ಪುಡಿ.

"ಏನಿದು, ನಿಮ್ಮ ಅಜ್ಜಗ ನಸ್ಯ ತಂದೀ ಏನು?" ಎಂದೆ.

"ಬೀಜ ಅಜ್ಜಿ. ಪೆಟೂನಿಯಾ. ಅಂಗಡ್ಯಾಗ ಕುಂಡ್ಯಾಗ ತೂಗಹಾಕಿರ್ತಾರಲ್ಲ, ಅದಲ್ಲ. ಇದು ಕಾಡಿನ ಜಾತಿದು. ಅದಕ್ಕೆಲ್ಲ ಮೂಲ ಇದ್ದಂಗ. ನಮ್ಮ ಮೇಡಂ ಕಡೆ ಇಷ್ಟ ಉಳಿದಿತ್ತು. ಬೆಳೆಸಿ ಹೊಸ ಬೀಜ ಮಾಡಿ ತಾ, ಬರೂ ವರ್ಷ ನಿನ್ನ ಓದಿಗೆ ಇದ ಗಿಡ ಅಂದಾರ."

"ಬೀಜ ಆಗಲಿಲ್ಲ ಅಂದ್ರ?"

"ಆಗಲಿಲ್ಲ ಅಂದ್ರ ಗಿಡನೂ ಇಲ್ಲ, ನನ್ನ ಓದೂ ಇಲ್ಲ. ಅದಕ್ಕ ನಿನ್ನ ಕಡೆ ತಂದೇನಿ. ನಮ್ಮ ಅಜ್ಜಿ ಕೈಯಾಗ ಕಲ್ಲೂ ಮೊಳಕಿ ಒಡಿತೈತಿ ಅಂತ ಹೇಳಿ ಬಂದೇನಿ."

ಹಾಗೆ ಹೇಳಿಬಿಟ್ಟರೆ ಆಯಿತೇ? ನಾವಿಬ್ಬರೂ ಕೂಡಿ ಮೆಣಸಿನ ಬೀಜಕ್ಕೆ ಮಾಡುವಂತೆಯೇ ಮಾಡಿದೆವು. ಟ್ರೇಯಲ್ಲಿ ಜರಡಿ ಹಿಡಿದ ಮಣ್ಣು, ಹಳೆಯ ಗೊಬ್ಬರ, ಅದರ ಮೇಲೆ ಬೀಜ, ಬೀಜದ ಮೇಲೆ ಬೆಚ್ಚಗೆ ಮತ್ತೆ ಮಣ್ಣಿನ ಹೊದಿಕೆ. ಬೀಜವೆಂದರೆ ಮಣ್ಣೊಳಗೆ ಮಲಗುವುದು ಎಂದೇ ನಾನು ತಿಳಿದಿದ್ದು. ದಿನಾ ನೀರು ಚಿಮುಕಿಸಿದೆ. ಏನೂ ಏಳಲಿಲ್ಲ. ಬಹಳ ದಿನ ಕಾದ ಮೇಲೆ ಟ್ರೇಯ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಒಂದೇ ಒಂದು.

ಆ ಮೂಲೆಯಲ್ಲೇ ಯಾಕೆ ಎಂದು ನನಗೆ ಕುತೂಹಲ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ನೀರು ಬಿದ್ದು ಬಿದ್ದು ಅಲ್ಲಿ ಬೀಜದ ಮೇಲಿನ ಮಣ್ಣಿನ ಹೊದಿಕೆ ಕೊಚ್ಚಿಹೋಗಿತ್ತು. ಮೊಮ್ಮಗಳಿಗೆ ತೋರಿಸಿದೆ. ಅವಳು ಮರುದಿನ ಹಾವೇರಿಯಿಂದ ಉತ್ತರ ತಂದಳು.

"ಅಜ್ಜಿ, ಇದಕ್ಕ ಬೆಳಕು ಬೇಕಂತ. ಮಣ್ಣಿನ ಮ್ಯಾಲ ಉದುರಿಸಿ ಹಂಗ ಬಿಡಬೇಕಾಗಿತ್ತು. ನಾವು ಹೊದ್ದಿಸಿ ಮಲಗಿಸೇವಿ, ಅವು ರಾತ್ರಿ ಆಗೈತಿ ಅಂತ ತಿಳಕೊಂಡು ಎದ್ದಿಲ್ಲ."

ಆ ಒಂದು ಸಸಿಯನ್ನು ಕುಂಡಕ್ಕೆ ಬದಲಿಸಿದೆವು. ಸೊಸೆ ಟ್ರೇಯ ಉಳಿದ ಮಣ್ಣನ್ನು ಬಚ್ಚಲ ನೀರು ಹೋಗುವಲ್ಲಿ ಕರಿಬೇವಿನ ಬುಡಕ್ಕೆ ಸುರಿದು, ಟ್ರೇ ತೊಳೆದು ಮಗ್ಗುಲಿಗೆ ಹಾಕಿದಳು. ಉಳಿದ ಬೀಜ ಕೊಳೆತೇ ಹೋಗಿರಬೇಕೆಂದು ನಾವು ಯಾರೂ ಬೇಡವೆನ್ನಲಿಲ್ಲ.

ಸಸಿ ಬೆಳೆಯಿತು. ನೆಟ್ಟಗೆ ನಿಲ್ಲುವ ಜಾತಿಯಲ್ಲ ಅದು. ತೆಳ್ಳನೆಯ ಕಾಂಡ ಕುಂಡದಿಂದ ಹೊರಗೆ ಚಾಚಿ ನೆಲ ಹುಡುಕುತ್ತದೆ. ಎಲೆ ಮೆತ್ತಗೆ, ಮೈಯೆಲ್ಲ ಸಣ್ಣ ರೋಮ, ಮುಟ್ಟಿದರೆ ಬೆರಳಿಗೆ ಅಂಟು. ಕೈ ಮೂಸಿದೆ. ತಂಬಾಕಿನ ಹಸಿ ಎಲೆ ಕಿತ್ತಾಗ ಬರುವಂಥದೇ ಒಂದು ಘಾಟು. ಯಜಮಾನರು ಅಂಟನ್ನು ನೋಡಿ ಮೊದಲು ಮುಖ ಸಿಂಡರಿಸಿದರು. ಆಮೇಲೆ ಒಂದು ದಿನ ಕಟ್ಟೆಯ ಮೇಲೆ ಕೂತು ಎಲೆಯನ್ನೇ ನೋಡುತ್ತಿದ್ದವರು ನನ್ನನ್ನು ಕೂಗಿದರು.

"ಬಾ ಇಲ್ಲೆ. ನಿನ್ನ ಗಿಡ ಸೊಳ್ಳಿ ಹಿಡದೈತಿ."

ಖರೇ. ಎಲೆಯ ಮೇಲೆ ಸಣ್ಣ ಸಣ್ಣ ನುಸಿ, ಒಂದು ಸೊಳ್ಳೆ ಅಂಟಿಕೊಂಡು ಸತ್ತಿದ್ದವು. ಅಂದಿನಿಂದ ಅವರು ಅದಕ್ಕೆ ಸೊಳ್ಳಿ ಗಿಡ ಎಂದೇ ಹೆಸರಿಟ್ಟರು. ದಿನಾ ಮುಂಜಾನೆ ಎಷ್ಟು ಬೇಟೆ ಆಯಿತೆಂದು ನೋಡಿ ಬಂದು ಚಹಾ ಕುಡಿಯುವರು.

ಇದು ಮೆಣಸಿನಕಾಯಿ, ಬದನೆ, ತಂಬಾಕುಗಳ ಮನೆತನದ್ದೇ ಎಂದು ಮೊಮ್ಮಗಳು ಹೇಳಿದಾಗ ನನಗೆ ಒಳ್ಳೆಯ ಬಳಗ ಸಿಕ್ಕಷ್ಟು ಹಿಗ್ಗಾಯಿತು. ಸಮುದ್ರದ ಆಚೆ ದೂರದ ದೇಶದ ಬಯಲಲ್ಲಿ ತಾನಾಗಿ ಬೆಳೆಯುತ್ತದಂತೆ. ಮೆಣಸಿನಕಾಯಿಯ ತವರೂ ಅದೇ ಸೀಮೆಯಂತೆ.

"ಅದನ್ನ ಬ್ಯಾಡಗ್ಯಾಗ ನಿಂತು ಹೇಳು, ನೋಡೂಣು" ಎಂದರು ಯಜಮಾನರು. "ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿದು. ನಾ ಹೊತ್ತೇನಿ, ನನಗ ಗೊತ್ತೈತಿ."

"ಹೊತ್ತವ್ರಿಗೆ ಭಾರ ಗೊತ್ತಿರತೈತಿ, ತವರು ಗೊತ್ತಿರೂದಿಲ್ಲ" ಎಂದೆ ನಾನು.

ಒಂದೇ ಗಿಡವನ್ನು ನಂಬಿ ಕೂರುವುದು ಹೇಗೆಂದು ಅದರ ತುದಿಗಳನ್ನು ಕತ್ತರಿಸಿ ಬೇರೆ ಬೇರೆ ಕುಂಡಗಳಲ್ಲಿ ಊರಿದೆ. ಕಡ್ಡಿ ಊರಿದರೆ ಲಗೂ ಬೇರು ಬಿಡುವ ಗುಣ ಇದಕ್ಕಿದೆ. ಸಂಕ್ರಾಂತಿಯ ಹೊತ್ತಿಗೆ ಕಟ್ಟೆಯ ತುಂಬ ಕುಂಡ, ಕುಂಡದ ತುಂಬ ಹೂವು. ಅಂಗಡಿಯ ಪೆಟೂನಿಯಾದಂತೆ ಅಂಗೈ ಅಗಲದ್ದಲ್ಲ. ಹೆಬ್ಬೆರಳಿನಷ್ಟು ಸಣ್ಣ ಕಹಳೆ, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ, ಗಂಟಲಲ್ಲಿ ಇನ್ನೂ ಗಾಢ. ಸೀಳಿ ನೋಡಿದರೆ ಒಳಗೆ ಹುಡಿಯ ಕಡ್ಡಿ ಐದು, ಅದರಲ್ಲಿ ಒಂದು ಗಿಡ್ಡ. ಹುಡಿ ಹಳದಿಯಲ್ಲ, ತಿಳಿ ನೀಲಿ. ಇಷ್ಟು ವರ್ಷ ಹುಡಿ ಮುಟ್ಟಿದವಳು ನಾನು, ಅರಿವೆಗೆ ಹಾಕುವ ನೀಲಿಯಂಥ ಹುಡಿಯನ್ನು ಈಗಲೇ ಕಂಡದ್ದು. ಮೂಸಿದರೆ ವಾಸನೆ ಇಲ್ಲ. ಇದರ ಬಿಳಿ ಹೂವಿನ ದಾಯಾದಿಯೊಂದಿದೆಯಂತೆ, ಅದು ಕತ್ತಲಾದ ಮೇಲೆ ಘಮಘಮಿಸಿ ಪತಂಗಗಳನ್ನು ಕರೆಯುತ್ತದಂತೆ. ನಮ್ಮದು ಹಗಲಿನವಳು. ಬಣ್ಣ ತೋರಿಸಿ ಜೇನು ಹುಳ ಕರೆಯುವವಳು.

ಜೇನು ಹುಳ ಎಂದ ಕೂಡಲೇ ನನ್ನ ಹಳೆಯ ಚಾಳಿ ಎದ್ದಿತು. ಬೀಜ ಶುದ್ಧ ಇರಬೇಕಲ್ಲ? ಸೊಸೆಯ ಹಳೆಯ ತೆಳು ನೈಲಾನ್ ಸೀರೆಯನ್ನು ಕಟ್ಟೆಯ ಸುತ್ತ ಕಟ್ಟಿಬಿಟ್ಟೆ. ಒಂದು ಹುಳ ಒಳಗೆ ಹೋಗದ ಹಾಗೆ. ಆಮೇಲೆ ಚಿಮಟ ಹಿಡಿದು ಆ ಹೂವಿನ ಹುಡಿ ಈ ಹೂವಿಗೆ, ಈ ಕುಂಡದ್ದು ಆ ಕುಂಡಕ್ಕೆ ಸವರಿ ದಾರ ಕಟ್ಟಿದೆ. ಕಣ್ಣು ಮಂಜಾದರೂ ಕೈ ಕೆಲಸ ಮರೆತಿರಲಿಲ್ಲ.

ಹೂವು ಬಾಡದೆ ಬಹಳ ದಿನ ನಿಂತವು. ನೋಡಲು ಬಂದವರೆಲ್ಲ, "ಏನ್ ಬಾಳಿಕಿ ಹೂವ್ರೀ ಇವು" ಎಂದು ಹೊಗಳಿದರು. ನಾನೂ ಉಬ್ಬಿದೆ. ಕೊನೆಗೆ ಒಂದೊಂದೇ ತೊಟ್ಟಿನ ಸಮೇತ ಕಳಚಿ ಬಿದ್ದವು. ಕಾಯಿ ಇಲ್ಲ. ಮತ್ತೊಮ್ಮೆ ಮಾಡಿದೆ. ಮತ್ತೂ ಇಲ್ಲ. ಸೀರೆಯ ಪರದೆಯೊಳಗೆ ಕೆಂಪು ದಾರ ಕಟ್ಟಿದ ತೊಟ್ಟುಗಳು ಕಸದಂತೆ ಬಿದ್ದಿರುತ್ತಿದ್ದವು.

ಮೆಣಸಿನ ಗಿಡ ಯಾರ ಹಂಗೂ ಇಲ್ಲದೆ ತನ್ನ ಹುಡಿಯಿಂದಲೇ ಕಾಯಿ ಬಿಡುತ್ತದೆ. ಇದಕ್ಕೆ ನಾನು ಕೈಹಿಡಿದು ಮಾಡಿಸಿದರೂ ಒಲ್ಲೆ ಎನ್ನುತ್ತಿದೆಯಲ್ಲ. ನನ್ನ ಕಣ್ಣಿನ ಜೊತೆ ಕೈಯೂ ಹೋಯಿತೇನೋ ಎಂದುಕೊಂಡೆ. ಮೊಮ್ಮಗಳು ಬಸ್ಸಿನಿಂದ ಇಳಿದು ಬಂದವಳೇ ಚಪ್ಪಲಿ ಬಿಡುವ ಮೊದಲು ಪರದೆ ಎತ್ತಿ ನೋಡುತ್ತಿದ್ದಳು, ನೋಡಿ ಇಳಿಸುತ್ತಿದ್ದಳು. ಅದನ್ನು ನೋಡುವುದೇ ನನಗೆ ಕಷ್ಟ. ಬಿಸಿಲು ಬೇರೆ ಏರುತ್ತಿತ್ತು. ನಮ್ಮ ಕಡೆಯ ಬೇಸಿಗೆಗೆ ಈ ಮೆತ್ತನೆಯ ಗಿಡ ಉಳಿಯುವುದಿಲ್ಲ. ಗಿಡ ಸತ್ತರೆ ಅವಳ ಬರುವ ವರ್ಷದ ಓದಿಗೆ ಏನೂ ಇಲ್ಲ.

ಒಂದು ಸಂಜೆ ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. "ಅಜ್ಜಿ, ಮೇಡಂನ್ನ ಕೇಳಿದೆ. ನಿನ್ನ ಕೈ ತಪ್ಪಲ್ಲಂತ."

"ಮತ್ತ ಯಾರದು?"

"ಯಾರದೂ ಅಲ್ಲ. ಈ ಜಾತಿ ತನ್ನ ಹುಡಿ ತಾ ತಗೊಳ್ಳೂದಿಲ್ಲಂತ. ಹುಡಿ ಕೊಳವ್ಯಾಗ ಇಳಿಯಾಕ ಹೋಗತೈತಿ, ಇದು ನಂದ ಅಂತ ಗುರ್ತು ಹಿಡದು ನಡುವ ನಿಲ್ಲಿಸಿಬಿಡತೈತಿ. ಬ್ಯಾರೆ ಬೀಜದಿಂದ ಹುಟ್ಟಿದ ಇನ್ನೊಂದು ಗಿಡದ್ದ ಬೇಕು."

"ಕಟ್ಟಿ ತುಂಬ ಅದಾವಲ್ಲ ಗಿಡ?"

"ಎಲ್ಲಾ ಒಂದ ಗಿಡದ ಕಡ್ಡಿ ಅಲ್ಲೇನ್ ಅಜ್ಜಿ?"

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಒಂದೇ ಬೆಡಗಿನ, ಎಂದರೆ ಒಂದೇ ಮೂಲಪುರುಷನ ವಂಶದ, ಮನೆಗಳ ನಡುವೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಬೆಡಗು ಒಂದಾದರೆ ಎಷ್ಟು ದೂರದ ಊರಿನವರಾದರೂ ಅಣ್ಣ ತಂಗಿಯರೇ. ಹೆಣ್ಣು ನೋಡಲು ಹೋದವರು ನೀರು ಕುಡಿಯುವ ಮೊದಲು ಬೆಡಗು ಕೇಳುತ್ತಾರೆ. ನನ್ನ ಲಗ್ನದಲ್ಲೂ ಕೇಳಿದ್ದರು, ಮಗನ ಲಗ್ನದಲ್ಲಿ ನಾನೇ ಕೇಳಿದ್ದೆ. ಅಂಥವಳು ಇಲ್ಲಿ ಕೇಳದೆ, ಪರದೆ ಕಟ್ಟಿ, ಹೊರಗಿನವರು ಬಾರದ ಹಾಗೆ ಕಾವಲು ಕೂತು ಮನೆಯೊಳಗಿನವರಿಗೇ ಲಗ್ನ ಮಾಡಲು ಹೊರಟಿದ್ದೆ.

"ಹೂವು ಎಷ್ಟ್ ಬಾಳಿಕಿ ಬಂದಾವ ಅಂತಿದ್ವಿ" ಎಂದೆ. "ವರ ಬರಲಿಲ್ಲ ಅಂತ ಕಾಯ್ಕೊಂಡು ನಿಂತಿದ್ವು ಏನ ಪಾಪ."

"ಹಂಗ ಅನ್ನು" ಎಂದು ಅವಳು ನಕ್ಕಳು. ನಕ್ಕ ಮೇಲೆ ಬೀಜದ ಖಾಲಿ ಪೊಟ್ಟಣವನ್ನು ಮತ್ತೆ ಬಿಚ್ಚಿ ನೋಡಿದಳು. ಬೇರೆ ಬೀಜ ಎಲ್ಲಿಂದ ತರುವುದು? ಇದ್ದ ಚಿಟಿಕೆಯನ್ನು ನಾವೇ ಹೂತು ಮಲಗಿಸಿದ್ದೆವು.

ಬಾಗಿಲಲ್ಲಿ ಕಾಲು ತೊಳೆದು ಬರುತ್ತಿದ್ದ ಯಜಮಾನರು ನಮ್ಮಿಬ್ಬರ ಮುಖ ನೋಡಿದರು. "ಏನಾತು?"

"ಇನ್ನೊಂದು ಗಿಡ ಬೇಕಂತ್ರಿ" ಎಂದೆ. "ಇದರದ ಕಡ್ಡಿ ನಡೆಯೂದಿಲ್ಲ. ಬ್ಯಾರೆ ಬೀಜದ್ದ ಆಗಬೇಕು."

"ಬಚ್ಚಲದಾಗಿಂದು ನಡಿತೈತೋ ಇಲ್ಲೋ?"

"ಬಚ್ಚಲದಾಗ ಏನೈತಿ?"

"ಸೊಳ್ಳಿ ಗಿಡ. ಕರಿಬೇವಿನ ಬುಡಕ. ಅದು ಇದಕ್ಕಿಂತ ಜೋರ ಹಿಡಿತೈತಿ. ಬಚ್ಚಲ ಕಡಿ ಸೊಳ್ಳಿ ಜಾಸ್ತಿ ನೋಡು."

ನಾವು ಅಜ್ಜಿ ಮೊಮ್ಮಗಳು ಎದ್ದು ಓಡಿದೆವು. ಕರಿಬೇವಿನ ಬುಡದಲ್ಲಿ, ಸಾಬೂನಿನ ನೀರು ಹರಿದು ಹೋಗುವ ಕಲ್ಲಿನ ಪಕ್ಕದಲ್ಲಿ, ಅದೇ ಮೆತ್ತನೆಯ ಎಲೆ, ಅದೇ ಅಂಟು. ತುದಿಯಲ್ಲಿ ಮೊಗ್ಗು. ಸೊಸೆ ಸುರಿದ ಮಣ್ಣು ತಲೆಕೆಳಗಾಗಿ ಬಿದ್ದು, ಒಳಗೆ ಮಲಗಿದ್ದ ಒಂದು ಬೀಜ ಮೇಲೆ ಬಂದು ಬೆಳಕು ಕಂಡಿತ್ತು. ನಾನು ಅದರ ಪಕ್ಕದಲ್ಲೇ ದಿನಾ ಪಾತ್ರೆ ತೊಳೆದಿದ್ದೆ. ಕಳೆಯೆಂದು ನೋಡಿಯೂ ಇರಲಿಲ್ಲ.

"ನಿಮಗ ಯಾವಾಗಿಂದ ಗೊತ್ತಿತ್ರಿ?" ಎಂದು ಕೇಳಿದೆ.

"ಹುಟ್ಟಿದಾಗಿಂದ. ನೀವು ಕೇಳಿದ್ರಿ ಏನು? ನೀವು ಶಾಣ್ಯಾರು ಪರದೆದೊಳಗ ಕುಂತಿದ್ರಿ."

ಸೊಸೆ ಹೊಲಿಗೆ ಬಿಟ್ಟು ಬಂದು, "ಅತ್ತೀ, ಹಂಗಾರ ನಾ ಮಣ್ಣು ಚೆಲ್ಲಿದ್ದಕ್ಕ ಈ ಸಂಬಂಧ ಕೂಡಿ ಬಂತು. ಮದುವಿಗೆ ನನಗೊಂದು ಸೀರಿ ಬರಬೇಕ್ರಿ" ಎಂದಳು. ಪರದೆಗೆ ಕಟ್ಟಿದ ಹಳೆಯ ಸೀರೆಯನ್ನೇ ಬಿಚ್ಚಿ ಅವಳ ಕೈಗೆ ಕೊಟ್ಟೆ.

ಮಾಘದ ಭಾರತ ಹುಣ್ಣಿಮೆಯ ಹೊತ್ತಿಗೆ ಬಚ್ಚಲ ಗಿಡ ಅರಳಿತು. ಇದರ ನೇರಳೆ ಒಂದು ಗುಂಜಿ ತಿಳಿ. ಕಟ್ಟೆಯ ಗಿಡದ ಮೊಗ್ಗುಗಳನ್ನು ಹಿಂದಿನ ದಿನವೇ ಬಿಚ್ಚಿ ಕಡ್ಡಿ ತೆಗೆದೆ. "ಅದು ತನ್ನ ಹುಡಿ ತಾ ತಗೊಳ್ಳೂದಿಲ್ಲ ಅಜ್ಜಿ, ಸುಮ್ನ ಯಾಕ ತಗೀತಿ?" ಎಂದು ಮೊಮ್ಮಗಳು ಕೇಳಿದಳು. ನನ್ನ ಕೈ ಕೇಳಬೇಕಲ್ಲ. ಮುಂಜಾನೆ ಇಬ್ಬನಿ ಆರಿದ ಮೇಲೆ ಬಚ್ಚಲ ಗಿಡದ ನೀಲಿ ಹುಡಿಯನ್ನು ಉಗುರಿನ ಮೇಲೆ ತಂದು ಕಟ್ಟೆಯ ಹೂವಿಗೆ ಸವರಿ ಕೆಂಪು ದಾರ ಕಟ್ಟಿದೆ. ಕಟ್ಟೆಯ ಹುಡಿಯನ್ನು ಬಚ್ಚಲ ಹೂವಿಗೆ ಒಯ್ದು ಮೊಮ್ಮಗಳು ಹಸಿರು ದಾರ ಕಟ್ಟಿದಳು. ಕೊಡುವುದೂ ಆಯಿತು, ತರುವುದೂ ಆಯಿತು. ಅವಳಿಗೆ ಚಿಮಟ ಹಿಡಿಯುವುದನ್ನು ಅಂದೇ ಹೇಳಿಕೊಟ್ಟದ್ದು. ಮೊದಲ ಹೂವಿನ ಎಸಳು ಹರಿದಳು, ಎರಡನೆಯದಕ್ಕೆ ಕೈ ಕೂತಿತು.

ಮರುದಿನ ಸಂಜೆ ಅವಳು ಬಸ್ಸಿಳಿದು ಬರುವುದರೊಳಗೆ ದಾರ ಕಟ್ಟಿದ ಹೂವುಗಳು ಸೊರಗಿದ್ದವು. ಅದರ ಮರುದಿನ ಪೂರ್ತಿ ಬಾಡಿ ಜೋತುಬಿದ್ದವು. ಸೊಸೆ, "ಅಯ್ಯ, ಹೋದ್ವಲ್ರಿ ಅತ್ತೀ" ಎಂದಳು. ಆದರೆ ತೊಟ್ಟು ಕಳಚಿರಲಿಲ್ಲ. ಇವು ಇನ್ನು ವರನಿಗೆ ಕಾಯಬೇಕಿಲ್ಲದ ಹೂವು, ಕೆಲಸ ಮುಗಿಯಿತೆಂದು ಸೆರಗು ಮುಚ್ಚಿಕೊಂಡ ಹೂವು. ಹೂವು ಬಾಡಿದ್ದಕ್ಕೆ ಹಿಗ್ಗಿ ಕುಣಿದವಳು ಈ ಓಣಿಯಲ್ಲಿ ನಾನೊಬ್ಬಳೇ ಇರಬೇಕು. ಕೆಲವೇ ದಿನಗಳಲ್ಲಿ ಬಾಡಿದ ಹೂವಿನೊಳಗೆ ಹಸಿರು ಗುಬಟು ಕಂಡಿತು. ಕಡಲೆಕಾಳಿನಷ್ಟೂ ಇಲ್ಲದ, ತುದಿ ಚೂಪಾದ ಕಾಯಿ. ಅದನ್ನು ಐದು ಎಸಳಿನ ಹಸಿರು ಬಟ್ಟಲು ಅಪ್ಪಿಕೊಂಡಿತ್ತು.

ಅಲ್ಲಿಂದ ಹೋಳಿ ಮುಗಿಯುವ ತನಕ ಕಾಯುವುದೇ ಕೆಲಸ. ಮಗ ಅಂಗಡಿಯಿಂದ ಬಂದವನು ಕುಂಡವನ್ನು ಬಿಸಿಲಿನಿಂದ ನೆರಳಿಗೆ ಸರಿಸುವನು. ಯಜಮಾನರು ಕದರಮಂಡಲಗಿ ಹಣಮಪ್ಪನಿಗೆ ಕಾಯಿ ಒಡೆಸಿ ಬಂದರು. ಕೇಳಿದರೆ, "ನಾ ಹೋಗಿದ್ದು ಮೊಣಕಾಲ ನೋವಿಗೆ" ಎಂದರು. ಹೋಳಿ ದಿನ ಓಣಿಯ ಹುಡುಗರ ಬಣ್ಣದ ನೀರು ಗಿಡಕ್ಕೆ ಬೀಳಬಾರದೆಂದು ಕಟ್ಟೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತವರೂ ಅವರೇ. ಬಣ್ಣವೆಲ್ಲ ಅವರ ಮೈಮೇಲೆ.

ಈ ಹೊತ್ತು ಬೀಜ ಉದುರಿಸುವಾಗ ಮಾತ್ರ ಅವರನ್ನು ಹತ್ತಿರ ಬಿಡಲಿಲ್ಲ. ಸೀನಿದರೆ ಗಿಡದ ವಂಶವೇ ಹಾರಿಹೋದೀತು. ಟವೆಲ್ಲಿನಿಂದ ಮೂಗು ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನೋಡಿದರು.

ಸಂಜೆ ಎಲ್ಲರೂ ಕೂಡಿ ಊಟಕ್ಕೆ ಕೂತೆವು. ಹಾಲಿನವ ಹೆಚ್ಚಿಗೆ ಸುರಿದ ಹಾಲು ಇತ್ತಲ್ಲ, ಗೋಧಿ ಹುಗ್ಗಿ ಮಾಡಿದ್ದೆ. ಸೊಸೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿ ಚಟ್ನಿ ಮಾಡಿದ್ದಳು. ಗಿಡದ ಬಳಗದವರೆಲ್ಲ ತಾಟಿನಲ್ಲಿ ಇದ್ದರು. ಬೀಜ ಎರಡು ಸಣ್ಣ ಡಬ್ಬಿಯಲ್ಲಿ ದೇವರ ಮಾಡದಲ್ಲಿತ್ತು. ಒಂದು ನಾಳೆ ಹಾವೇರಿಗೆ, ಒಂದು ದಸರೆಗೆ ನಮಗೆ.

ಯಜಮಾನರು ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದರು. "ಹಂಗಾರ ಈ ಹೊಸ ಬೀಜದ್ದು ಯಾವ ಬೆಡಗು?"

"ಅಪ್ಪಂದು ಯಾವುದೋ ಅದು" ಎಂದ ಮಗ.

"ಕೆಂಪು ದಾರದ್ದಕ್ಕ ಅಪ್ಪ ಬಚ್ಚಲದಾಂವ, ಹಸಿರು ದಾರದ್ದಕ್ಕ ಅಪ್ಪ ಕಟ್ಟಿ ಮ್ಯಾಲಿನಾಂವ" ಎಂದಳು ಮೊಮ್ಮಗಳು. "ಅಪ್ಪನೂ ಅವನ, ಅವ್ವನೂ ಅವನ."

"ಇಂಥಾ ಬೀಗತನ ನಾ ಕಂಡಿಲ್ಲ ನೋಡವಾ" ಎಂದು ಚಟ್ನಿಗೆ ರೊಟ್ಟಿ ಹಚ್ಚಿದ ಯಜಮಾನರು, ಹಚ್ಚಿದ ಕೈ ಹಾಗೆಯೇ ಹಿಡಿದು, ಕಣ್ಣು ಸಣ್ಣ ಮಾಡಿ, ಮೂಗು ಮೇಲೆತ್ತಿದರು. ಮೊಮ್ಮಗಳು ಎದ್ದು ದೇವರ ಮಾಡಕ್ಕೆ ಅಡ್ಡ ನಿಂತಳು. ಮಗ ಹುಗ್ಗಿಯ ಪಾತ್ರೆ ಮುಚ್ಚಿದ. ಯಜಮಾನರು ಬೀದಿ ಬಾಗಿಲ ಕಡೆ ತಿರುಗಿ ಸೀನಿದರು. ಆ ತುದಿಯ ನಾಯಿ ಎದ್ದು ಬೊಗಳಿತು. ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ಮೊಮ್ಮಗಳು ಬಂದು ನನ್ನ ಮಗ್ಗುಲಿಗೆ ಒತ್ತಿ ಕೂತು, ನನ್ನ ತಾಟಿನ ಎಣ್ಣೆಗಾಯಿಗೇ ರೊಟ್ಟಿ ಅದ್ದಿ ತಿನ್ನತೊಡಗಿದಳು. ಸೊಸೆ ಮತ್ತೊಂದು ರೊಟ್ಟಿ ಬಡಿಯಲು ಎದ್ದಳು. "ಸಾಕು, ಕುಂದರವಾ, ಕೂಡಿ ಉಣ್ಣೂಣು" ಎಂದು ಅವಳ ತಾಟಿಗೆ ನಾನೇ ಹುಗ್ಗಿ ಬಡಿಸಿದೆ.